ಸಾರಿನ ತಪ್ಪಲೆಯ ಜೊತೆ ಬಿಸಿಲೆಗೆ

ಬಿಸಿಲೆ ಘಾಟಿಯ ಬೆಟ್ಟ ನೋಡಬೇಕೆಂದು ನಮ್ಮತ್ತೆ ಸುಬ್ಬಮ್ಮ ಬಾಗೂರಿನಿಂದ ಮೂರು ಸಲ ಹೊರಟಿದ್ದಾರೆ. ಮೂರು ಸಲವೂ ಅರಕಲಗೂಡಿನ ತಮ್ಮನ ಮನೆಯಲ್ಲಿ ಉಂಡು, ಹೊತ್ತಾಯಿತೆಂದು ಅಲ್ಲಿಂದಲೇ ವಾಪಸ್ಸಾಗಿದ್ದಾರೆ. ನಮ್ಮ ಕಡೆ ನೆಂಟರ ಊರು ಹಾದು ಉಣ್ಣದೆ ಹೋದರೆ ಮುಗಿಯಿತು, ಮುಂದಿನ ಮದುವೆಯವರೆಗೂ ಅದೇ ಮಾತು.

ಈ ಸಲ ಕಾರು ನನ್ನ ಕೈಯಲ್ಲಿತ್ತು. ಅತ್ತೆಯ ಮಂಡಿ ದಿನದಿನಕ್ಕೆ ಹಟ ಮಾಡುತ್ತಿದೆ, ಮುಂದಿನ ವರ್ಷ ನಡೆದಾರೆಂಬ ನಂಬಿಕೆ ನನಗಿಲ್ಲ. ಯಾರಿಗೂ ಫೋನ್ ಮಾಡಬೇಡಿ ಎಂದು ಆಣೆ ಹಾಕಿಸಿಕೊಂಡೆ. ಪಾಪ, ಮಾಡಲಿಲ್ಲ. ಆದರೆ ಹೊಳೆನರಸೀಪುರದ ದೇವಸ್ಥಾನದಲ್ಲಿ ಅವರ ಚಿಕ್ಕಮ್ಮನ ಮಗಳು ಸಿಕ್ಕಿಬಿಟ್ಟರು. ಕಾಫಿಗೆಂದು ಅವರ ಮನೆಗೆ ಹೋದವರು ಹೋಳಿಗೆ ತಿಂದು ಎದ್ದೆವು. ಅವರು ಅರಕಲಗೂಡಿಗೆ ಸುದ್ದಿಯನ್ನೂ ಮುಟ್ಟಿಸಿದರು. ಹೊಟ್ಟೆಯಲ್ಲಿ ಹೋಳಿಗೆ, ತಲೆಯಲ್ಲಿ ಬೆಂಕಿ ಇಟ್ಟುಕೊಂಡು ಗಾಡಿ ಓಡಿಸಿದೆ.

ಅರಕಲಗೂಡಿನಲ್ಲಿ ಅತ್ತೆಯ ತಮ್ಮ ದೇವರಾಜು ಮಾವ ರಸ್ತೆಗೇ ಬಂದು ನಿಂತಿದ್ದರು. ನಾಟಿಕೋಳಿ ಸಾರು ಕುದಿಯುತ್ತಿದೆ, ಮುದ್ದೆ ಕಟ್ಟುತ್ತಿದ್ದಾರೆ ಎನ್ನುತ್ತಾ ಕಾರಿನ ಬಾಗಿಲಿಗೆ ಕೈಹಾಕಿದರು. ಗಂಟೆ ಒಂದು. ತಡವಾದರೆ ಘಾಟಿಗೆ ಮಂಜು ಕವಿದು ಏನೂ ಕಾಣುವುದಿಲ್ಲ.

ಅತ್ತೆ ಇಳಿಯಲಿಲ್ಲ.

"ಲೇ ದೇವ, ನಾನಿಳಿಯಕಿಲ್ಲ ಕಣ್ಲಾ. ಇಳುದ್ರೆ ಈ ಸಲನೂ ಬೆಟ್ಟ ಇಲ್ಲ. ತಪ್ಪಲೆ ತಗಂಡು ನೀನೇ ಕಾರತ್ತು."

ಮಾವ ಬಾಗಿಲಿನಿಂದ ಕೈ ತೆಗೆದು ಒಳಗೆ ಹೋದರು. ನೆಂಟಸ್ತನ ಇಲ್ಲಿಗೆ ಕಡಿಯಿತು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಟವೆಲಿನಲ್ಲಿ ತಪ್ಪಲೆ, ಬಾಳೆಲೆಯಲ್ಲಿ ಮುದ್ದೆ ಸುತ್ತಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂತರು.

"ನಾನೂ ನೋಡಿಲ್ಲ ಕಣಕ್ಕ," ಅಂದರು. "ಓಗೋರ್‍ಗೆಲ್ಲ ಉಣ್ಣಕ್ಕಿಕ್ಕದ್ರಲ್ಲೇ ಆಯ್ತು."

ನನ್ನ ಸಿಟ್ಟೆಲ್ಲ ಅಲ್ಲೇ ಇಳಿಯಿತು. ಶನಿವಾರಸಂತೆ ದಾಟಿದ ಮೇಲೆ ತಿರುವು ತಿರುವಿಗೂ ಮಾವ ತೊಡೆಯ ಮೇಲಿನ ತಪ್ಪಲೆಯನ್ನು ಕೂಸಿನ ಹಾಗೆ ತಬ್ಬಿಕೊಂಡಿದ್ದರು.

ಬಿಸಿಲೆಯಲ್ಲಿ ಕಾರು ನಿಲ್ಲಿಸಿ, ನಾನೊಂದು ಕಡೆ, ಮಾವ ಒಂದು ಕಡೆ ಹಿಡಿದು ಅತ್ತೆಯನ್ನು ನಿಧಾನವಾಗಿ ಮೇಲಕ್ಕೆ ಕರೆದೊಯ್ದೆವು. ಮಂಜು ಇನ್ನೂ ಬಂದಿರಲಿಲ್ಲ. ಬೆಟ್ಟದ ಹಿಂದೆ ಬೆಟ್ಟ, ಹಸಿರು ಮುಗಿದಲ್ಲಿ ನೀಲಿ. ಅತ್ತೆಯ ಕಣ್ಣು ತುಂಬಿತು, ನೋಡಿ ನನಗೂ ತಡೆಯಲಾಗಲಿಲ್ಲ.

ಆಮೇಲೆ ಕಾರಿನ ಪಕ್ಕ ಕೂತು ಉಂಡೆವು. ಸಾರು ಆರಿತ್ತು, ಮುದ್ದೆ ಗಟ್ಟಿಯಾಗಿತ್ತು, ಯಾರೂ ದೂರಲಿಲ್ಲ. ಕೈ ತೊಳೆಯುತ್ತಾ ಅತ್ತೆ, ಈ ರಸ್ತೆ ಇಳಿದರೆ ಯಾವೂರು ಎಂದು ಕೇಳಿದರು. ಸುಬ್ರಹ್ಮಣ್ಯ ಎಂದೆ.

"ಅಲ್ಲಿ ನಮ್ಮೋರು ಯಾರೂ ಇಲ್ಲ ತಾನೆ?"

ಇಲ್ಲ ಎಂದೆ.

"ಅಂಗಾದ್ರೆ ನಡಿ, ಓಗಾನ."