ಎಡಗೈಯ ಹಿಡಿತ

ಪಿಸ್ತೂಲಿನ ಬೆನ್ನ ಮೇಲೆ ಸಣ್ಣದೊಂದು ಹೊಗೆಕೊಳವೆಯಂತೆ ನೆಟ್ಟಗೆ ನಿಂತ ಹಿತ್ತಾಳೆಯ ಖಾಲಿ ತೋಟಾ. ಪೊಲೀಸ್ ತರಬೇತಿ ಶಾಲೆಯ ದಿನಗಳನ್ನು ನೆನೆದಾಗಲೆಲ್ಲ ನನ್ನ ಕಣ್ಣಿಗೆ ಮೊದಲು ಬರುವುದು ಅದೇ. ಗುಂಡು ಹಾರಿದೊಡನೆ ಖಾಲಿ ತೋಟಾ ಬದಿಗೆ ಚಿಮ್ಮಿ ನೆಲಕ್ಕೆ ಬೀಳಬೇಕು. ಅದರ ಜಾಗಕ್ಕೆ ಕೆಳಗಿನಿಂದ ಹೊಸ ಗುಂಡು ಏರಬೇಕು. ಎಲ್ಲರ ಪಿಸ್ತೂಲಿನಲ್ಲೂ ಹಾಗೆಯೇ ಆಗುತ್ತಿತ್ತು. ನನ್ನ ಕೈಯಲ್ಲಿ ಮಾತ್ರ ಅದು ಅರ್ಧ ಹೊರಬಂದು, ಸಿಕ್ಕಿಕೊಂಡು, ನಿಂತುಬಿಡುತ್ತಿತ್ತು. ಪಿಸ್ತೂಲು ಮೂಕವಾಗುತ್ತಿತ್ತು.

ನಾವು ಸಬ್ ಇನ್ಸ್‌ಪೆಕ್ಟರ್ ಹುದ್ದೆಗೆ ಆಯ್ಕೆಯಾಗಿದ್ದ ಹೆಣ್ಣುಮಕ್ಕಳು. ಓಟ, ಕವಾಯತು, ಕಾನೂನು, ಯಾವುದರಲ್ಲೂ ನಾನು ಹಿಂದೆ ಬಿದ್ದವಳಲ್ಲ. ಆದರೆ ಕೊನೆಯ ಫೈರಿಂಗ್ ಪರೀಕ್ಷೆಯಲ್ಲಿ ತೇರ್ಗಡೆಯಾಗದವರು ಖಾಕಿ ಕಳಚಿಟ್ಟು ಮನೆಗೆ ಹೋಗಬೇಕಿತ್ತು. "ಹೆಣ್ಣಿಗ್ಯಾಕೆ ಬಂದೂಕು" ಎಂದಿದ್ದ ನಮ್ಮ ದೊಡ್ಡಪ್ಪ ಆ ದಿನಕ್ಕಾಗಿಯೇ ಕಾದಿದ್ದರು.

ಮೊದಲು ಎಲ್ಲರೂ ಪಿಸ್ತೂಲನ್ನೇ ಬೈದರು. ಬೇರೆಯದನ್ನು ಕೊಟ್ಟರು, ಅದೂ ಸಿಕ್ಕಿಕೊಂಡಿತು. ಮತ್ತೊಂದು ಕೊಟ್ಟರು, ಅದೂ ಅಷ್ಟೇ. ಕೊನೆಗೆ ನನ್ನ ಪಕ್ಕದ ಮಂಚದ ಗೆಳತಿ ಜರೀನಾ ನನ್ನ ಕೈಯಿಂದ ಅದನ್ನೇ ತೆಗೆದುಕೊಂಡು ಒಂದರ ಹಿಂದೊಂದು ಗುಂಡು ಹಾರಿಸಿದಳು. ಎಲ್ಲೂ ತಡೆಯಲಿಲ್ಲ.

"ನಿಂದೇ ಪಿಸ್ತೂಲು ಕಣೇ, ಬೆಣ್ಣೆ ಥರ ಹೋಗ್ತಿದೆ," ಎಂದಳು ಅವಳು ಪಾಪ, ಸಮಾಧಾನ ಮಾಡುವವಳಂತೆ. ಅಂದಿನಿಂದ ಬ್ಯಾರಕ್ಕಿನಲ್ಲಿ ಪಿಸುಮಾತು ಹುಟ್ಟಿತು: ಇವಳ ಕೈಗುಣ ಚೆನ್ನಾಗಿಲ್ಲ.

ಆ ಮಾತು ನಮಗೆ ಗುಂಡು ಹಾರಿಸುವುದನ್ನು ಕಲಿಸುತ್ತಿದ್ದ ಹೂಗಾರ ಮಾಸ್ತರರ ಕಿವಿಗೂ ಬಿತ್ತು. ಅವರು ನನ್ನನ್ನು ಕರೆದು ಕೂರಿಸಿದರು.

"ಕೈಗುಣ ಅಂತಾರಲ್ಲವಾ, ಅದು ಖರೇನ ಐತಿ," ಎಂದರು. ನನ್ನ ಮುಖ ಬಾಡಿತು. ಅವರು ಖಾಲಿ ಪಿಸ್ತೂಲಿನ ಮೇಲ್ಭಾಗವನ್ನು ಹಿಂದಕ್ಕೆಳೆದು ತೋರಿಸಿದರು. "ಗುಂಡು ಮುಂದ ಹೋಗತೈತಿ, ಈ ಸ್ಲೈಡ್ ಹಿಂದ ಬರತೈತಿ. ಇದು ಪೂರ್ತಿ ಹಿಂದ ಬಂದ್ರನ ಖಾಲಿ ತೋಟಾ ಹೊರಗ ಹಾರೂದು. ಅದಕ್ಕ ಕೆಳಗಿನ ಹಿಡಿ ಅಲುಗದಂಗ ನಿಂತಿರಬೇಕು. ನಿನ್ನ ಮಣಿಕಟ್ಟು ಸ್ಲೈಡಿನ ಜೋಡಿನ ಹಿಂದ ಹೊಂಟೈತಿ. ಒದ್ದಿ ಸೀರಿ ಇಬ್ಬರು ಹಿಂಡೂವಾಗ ಒಬ್ಬಾಕಿ ಸಡ್ಲ ಬಿಟ್ರ ನೀರು ಇಳಿತೈತೇನು?"

ಅರ್ಥವಾಯಿತು. ಆದರೆ ಅರ್ಥವಾದದ್ದು ಕೈಗೆ ಇಳಿಯಲಿಲ್ಲ. ಬಿಗಿಯಾಗಿ ಹಿಡಿದರೆ ಕೈ ನಡುಗಿ ಗುಂಡು ಎಲ್ಲೆಲ್ಲೋ ಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ಮಣಿಕಟ್ಟು ಸೋತು, ಆ ಹಾಳು ಹೊಗೆಕೊಳವೆ ಮತ್ತೆ ಎದ್ದು ನಿಲ್ಲುತ್ತಿತ್ತು.

ಪರೀಕ್ಷೆ ಹತ್ತಿರವಾಗುತ್ತಿದ್ದಾಗ ಒಂದು ಬೆಳಿಗ್ಗೆ, ನಾನು ಗುರಿಹಲಗೆಗೆ ಕಾಗದ ಅಂಟಿಸಿ ತಿರುಗಿದೆ. "ಏ, ಹಿಡಿ!" ಎಂದು ಕೂಗಿದ ಮಾಸ್ತರರು ಗುಂಡು ತುಂಬುವ ಖಾಲಿ ಮ್ಯಾಗಜಿನ್ ಒಂದನ್ನು ನನ್ನತ್ತ ಎಸೆದಿದ್ದರು. ಕಣ್ಣಿಗೆ ತಿಳಿಯುವ ಮೊದಲೇ ಅದು ನನ್ನ ಮುಷ್ಟಿಯಲ್ಲಿತ್ತು. ನಾನು ಗಾಬರಿಯಾಗಿ ಆ ಕೈಯನ್ನು ಬೆನ್ನ ಹಿಂದೆ ಮರೆಮಾಡಿದೆ.

"ತಪ್ಪಾಯ್ತು ಸಾರ್."

"ಏನ್ ತಪ್ಪು?"

"ಎಡಗೈಲಿ ಹಿಡಿದುಬಿಟ್ಟೆ."

ಅವರು ನನ್ನನ್ನೇ ದಿಟ್ಟಿಸಿದರು. ಆಮೇಲೆ ಒಂದೊಂದಾಗಿ ಕೇಳಿದರು, ನಾನು ಹೇಳಿದೆ. ಚಿಕ್ಕಂದಿನಲ್ಲಿ ಎಡಗೈಯಲ್ಲಿ ಬಳಪ ಹಿಡಿದಾಗ ಬಿದ್ದ ಪೆಟ್ಟು, ಮನೆಗೆ ಯಾರಾದರೂ ಬಂದರೆ "ಆ ಕೈ ಒಳಗಿಡು" ಎನ್ನುತ್ತಿದ್ದ ಅಮ್ಮ, ಎಲ್ಲವನ್ನೂ. ಬಲಗೈ ಬರೆಯಲು ಕಲಿತಿತ್ತು, ಉಣ್ಣಲು ಕಲಿತಿತ್ತು. ನಾನು ಎಡಚಿ ಎನ್ನುವುದನ್ನು ನಾನೇ ಮರೆತಿದ್ದೆ.

ಮಾಸ್ತರರು ಪಿಸ್ತೂಲನ್ನು ನನ್ನ ಎಡಗೈಯಲ್ಲಿ ಇಟ್ಟರು. ಇನ್ನೇನು ಎಲ್ಲ ಸರಿಹೋಯಿತು ಎಂದುಕೊಂಡು ಗುಂಡು ಹಾರಿಸಿದೆ. ಖಾಲಿ ತೋಟಾ ನೆಟ್ಟಗೆ ಎದ್ದು ನಿಂತಿತು.

ನನಗೆ ಅಳು ಬಂತು. ಮಾಸ್ತರರು ನಕ್ಕುಬಿಟ್ಟರು.

"ಕೈ ಬ್ಯಾರೆ ಆತು, ಅಂಜಿಕಿ ಹಳೇದ ಐತಿ. ಕದ್ದ ಸಾಮಾನು ಹಿಡಿದಂಗ ಹಿಡದಿ ನೀ. ಅದು ನಿನ್ನ ಕೈ ಐತೆವಾ. ನಂದು ಅಂತ ಹಿಡಿ."

ಅಲ್ಲಿಂದ ಕಲಿಕೆ ಶುರುವಾಯಿತು. ಹಿಡಿಯ ಹಿಂಬದಿಯಲ್ಲಿ ಎಷ್ಟು ಮೇಲಕ್ಕೆ ಸಾಧ್ಯವೋ ಅಷ್ಟು ಮೇಲೆ ಎಡ ಅಂಗೈಯನ್ನು ಕೂರಿಸಿದೆ. ಅದರ ಸುತ್ತ ಬಲಗೈ ಅಪ್ಪಿಕೊಂಡಿತು. ಸ್ಲೈಡಿಗೆ ತಾಗದಂತೆ ಹೆಬ್ಬೆರಳುಗಳು ಪಕ್ಕದಲ್ಲಿ ಮಲಗಿದವು. ಎದೆ ತುಸು ಮುಂದಕ್ಕೆ ವಾಲಿತು. ಹಿಸುಕುವುದು ಬೇರೆ, ಹಿಡಿಯುವುದು ಬೇರೆ ಎಂದು ಎಡಗೈ ನಿಧಾನವಾಗಿ ಅರಿತುಕೊಂಡಿತು. ಅಷ್ಟು ವರ್ಷ ಬೆನ್ನ ಹಿಂದೆ ಅಡಗಿದ್ದ ಕೈ ಅದು. ಒಮ್ಮೆ ನಂಬಿದ ಮೇಲೆ ಬಂಡೆಯಂತೆ ನಿಂತಿತು.

ಇದು ಪ್ರಿನ್ಸಿಪಾಲ್ ಅಶ್ವತ್ಥಯ್ಯನವರ ಕಣ್ಣಿಗೆ ಬಿದ್ದದ್ದು ಪರೀಕ್ಷೆಯ ಬೆಳಿಗ್ಗೆಯೇ.

"ಎಡಗೈಲಿ ಪಿಸ್ತೂಲೇ? ನಾಳೆ ಸೆಲ್ಯೂಟೂ ಎಡಗೈಲೇ ಹೊಡೀತೀಯೇನಮ್ಮ?" ಎಂದರು. ಸಾಲಿನಲ್ಲಿ ಕೆಲವರು ಕಿಸಕ್ಕೆಂದರು.

ಮಾಸ್ತರರು ಎರಡು ಹೆಜ್ಜೆ ಮುಂದೆ ಬಂದರು. "ಸೆಲ್ಯೂಟ್ ಬಲಗೈಲೇ ಹೊಡಿತಾಳ್ರಿ ಸಾಹೇಬ್ರ. ಆದ್ರ ಗುಂಡು ಯಾವ ಕೈಯಿಂದ ಬಂತು ಅಂತ ಹಲಗಿ ಕೇಳೂದಿಲ್ರಿ."

ಪ್ರಿನ್ಸಿಪಾಲರು, "ಸರಿ. ಆದರೆ ಒಂದೇ ಒಂದು ಸಲ ಸಿಕ್ಕಿಕೊಂಡರೂ ಮತ್ತೊಂದು ಅವಕಾಶ ಇಲ್ಲ," ಎಂದು ನೇರವಾಗಿ ನನ್ನ ಹಿಂದೆಯೇ ಬಂದು ನಿಂತರು.

ಸೀಟಿ ಮೊಳಗಿತು. ಮೊದಲ ಗುಂಡು ಹಾರಿತು. ಹಿತ್ತಾಳೆ ಬಿಸಿಲಿಗೆ ಮಿಂಚಿ ಬದಿಗೆ ಚಿಮ್ಮಿತು. ಎರಡನೆಯದು ಹಾರಿತು. ಆಮೇಲೆ ನಾನು ಎಣಿಸಲಿಲ್ಲ. ಸ್ಲೈಡ್ ಹಿಂದೆ ಹೋಗಿ ಮುಂದೆ ಬರುವ ಆ ಲಯ ನನ್ನ ತೋಳಿನೊಳಗೇ ನಡೆಯುತ್ತಿರುವಂತಿತ್ತು. ಇದ್ದಕ್ಕಿದ್ದಂತೆ ಸ್ಲೈಡ್ ಹಿಂದಕ್ಕೆ ಹೋದದ್ದು ಅಲ್ಲೇ ನಿಂತಿತು. ನನ್ನ ಉಸಿರೂ ನಿಂತಿತು. ಬಗ್ಗಿ ನೋಡಿದೆ. ಏನೂ ಸಿಕ್ಕಿಕೊಂಡಿರಲಿಲ್ಲ. ಗುಂಡುಗಳು ಮುಗಿದಿದ್ದವು, ಅಷ್ಟೇ.

ಗುರಿಹಲಗೆಯ ನಡುವಿನ ಕಪ್ಪು ವೃತ್ತ ಜರಡಿಯಾಗಿತ್ತು. ಇಡೀ ತಂಡದಲ್ಲಿ ಅದೇ ಅತಿ ಹೆಚ್ಚಿನ ಅಂಕ. ಜರೀನಾ ಶಿಸ್ತು ಮರೆತು ಕೂಗಿ ನನ್ನನ್ನು ಎತ್ತಿ ಸುತ್ತಿಸಿದಳು. ಹೂಗಾರ ಮಾಸ್ತರರು ಟೋಪಿಯನ್ನು ಹಿಂದಕ್ಕೆ ಸರಿಸಿ, "ಆತು," ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ನಾನು ಮೈದಾನದ ನಡುವೆ ನಿಂತು, ಯಾರಿದ್ದಾರೆ ಯಾರಿಲ್ಲ ಎಂದು ನೋಡದೆ, ಎಡಗೈಯನ್ನು ತಲೆಯ ಮೇಲೆ ನೆಟ್ಟಗೆ ಎತ್ತಿದೆ.

ಮರುದಿನ ಮಧ್ಯಾಹ್ನ ಬಡಾಖಾನ. ಎಲ್ಲರೂ ಕೂಡಿ ಉಣ್ಣುವ ಆ ಔತಣದಲ್ಲಿ ಅಧಿಕಾರಿಗಳಿಗೆ ಬಡಿಸುವವರು ನಾವೇ. ನಾನು ಪಾಯಸದ ಬಕೆಟ್ ಹಿಡಿದು ಪಂಕ್ತಿಯುದ್ದಕ್ಕೂ ಬರುತ್ತಾ ಪ್ರಿನ್ಸಿಪಾಲರ ಮುಂದೆ ಬಗ್ಗಿದೆ. ಆಗಲೇ ಗೊತ್ತಾದದ್ದು, ಸೌಟು ನನ್ನ ಎಡಗೈಯಲ್ಲಿತ್ತು. ಕೈ ತಾನಾಗಿಯೇ ಹಿಂದೆ ಸರಿಯಿತು. ಅಕ್ಕಪಕ್ಕದವರು ಉಣ್ಣುವುದನ್ನು ನಿಲ್ಲಿಸಿ ನೋಡಿದರು.

ಅಶ್ವತ್ಥಯ್ಯನವರು ಬಟ್ಟಲನ್ನು ಎತ್ತಿ ಮುಂದಕ್ಕೆ ಹಿಡಿದರು.

"ಕೈ ಬದಲಾಯಿಸಬೇಡಮ್ಮ. ಬಡಿಸು."

ನಾನು ಸೌಟನ್ನು ಮುಂದೆ ಚಾಚಿದೆ. ಬಿಸಿ ಪಾಯಸ ಒಂದೇ ಎಳೆಯಾಗಿ, ಒಂದು ಹನಿಯೂ ಆಚೀಚೆ ಸಿಡಿಯದಂತೆ, ಅವರ ಬಟ್ಟಲಿನೊಳಗೆ ಇಳಿಯಿತು.