ಸೇತುವೆ ಎದ್ದಿದೆ

ನನಗೂ ರೈನೊಗೂ ಒಂದು ಒಪ್ಪಂದವಿದೆ. ಅವನ ಮಾತನ್ನು ನಾನು ಮುಗಿಸಬಾರದು. ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಗಂಡ ಏನು ಹೇಳಲು ಹೊರಟಿದ್ದಾನೆಂದು ಹೆಂಡತಿಗೆ ಮೊದಲೇ ಗೊತ್ತಿರುತ್ತದೆ. ಗೊತ್ತಿದ್ದೂ ತುಟಿ ಬಿಗಿದು ಕೂರುವುದು ಎಂಥ ಕಷ್ಟವೆಂದು ಯಾರೂ ಕೇಳುವುದಿಲ್ಲ. ಅದರಲ್ಲೂ ನನ್ನಂಥ ಬಾಯಿಬಡುಕಿಗೆ.

ರೈನೊ ಈಗ ಕಣ್ಣಿನಿಂದ ಮಾತಾಡುತ್ತಾನೆ. ನರಗಳ ಆ ಹಾಳು ಕಾಯಿಲೆ ಮೊದಲು ಅವನ ಕೈ ಕಿತ್ತುಕೊಂಡಿತು, ಆಮೇಲೆ ಕಾಲು, ಆಮೇಲೆ ದನಿ. ಗಾಲಿಕುರ್ಚಿಗೆ ಒಂದು ಪರದೆ ಕಟ್ಟಿದ್ದಾರೆ. ಅದರ ಮೇಲಿನ ಅಕ್ಷರವನ್ನು ದಿಟ್ಟಿಸಿ ನೋಡಿದರೆ ಅಕ್ಷರ ಬೀಳುತ್ತದೆ. ಹಾಗೆ ಒಂದೊಂದೇ ಅಕ್ಷರ ಕೂಡಿಸಿ ವಾಕ್ಯವಾದ ಮೇಲೆ ಯಂತ್ರ ಅದನ್ನು ಓದಿ ಹೇಳುತ್ತದೆ. ದನಿ ಯಾವನೋ ಬ್ಯಾಂಕ್ ಮ್ಯಾನೇಜರನದು. ಅದಕ್ಕೂ ಒಗ್ಗಿಕೊಂಡೆ.

ಮೊದಮೊದಲು ನಾನು ಅವನ ಬೆನ್ನ ಹಿಂದೆ ನಿಂತು, ಎರಡು ಪದ ಬೀಳುವಷ್ಟರಲ್ಲಿ, "ಗೊತ್ತಾಯ್ತು ಬಿಡು, ಕಿಟಕಿ ಮುಚ್ಬೇಕು ತಾನೆ?" ಅನ್ನುತ್ತಿದ್ದೆ. ಸಹಾಯ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಒಂದು ಮಧ್ಯಾಹ್ನ ಅವನು ತಾಳ್ಮೆಯಿಂದ ಬರೆದು ಹೇಳಿಸಿದ: "ವರ್ನಾ, ನನ್ನ ಕೈಲಿ ಆಗೋದು ಇದೊಂದೇ ಉಳಿದಿರೋದು. ಇದನ್ನೂ ನೀನೇ ಮಾಡ್ಬಿಟ್ರೆ ನಾನ್ಯಾಕಿರ್ಲಿ?" ಅಡುಗೆಮನೆಗೆ ಹೋಗಿ ಚೆನ್ನಾಗಿ ಅತ್ತೆ. ಅವತ್ತಿನಿಂದ ಒಪ್ಪಂದ.

ನಮ್ಮ ಮನೆ ಇರುವುದು ಪಾಯಿಂಟ್‌ನಲ್ಲಿ, ಸರೋವರದೊಳಕ್ಕೆ ಚಾಚಿಕೊಂಡ ಉದ್ದನೆಯ ಮರಳು ದಿಣ್ಣೆಯ ಮೇಲೆ. ಡುಲೂತ್ ಊರಿಗೂ ನಮಗೂ ನಡುವೆ ಕಾಲುವೆ, ಅದರ ಮೇಲೆ ಏಳುವ ಸೇತುವೆ. ಸರೋವರದ ಕಡೆಯಿಂದ ಅದಿರಿನ ಹಡಗು ಬಂದರೆ ಸೇತುವೆ ಇಡಿಯಾಗಿ ಮೇಲೇಳುತ್ತದೆ, ಹಡಗು ದಾಟುವ ತನಕ ನಾವು ಕಾರಿನಲ್ಲಿ ಕೂತಿರುತ್ತೇವೆ. ಹಾರ್ನ್ ಹೊಡೆಯುವವನು ಹೊರಗಿನವನು. ಚರ್ಚಿಗೆ, ಮದುವೆಗೆ, ಹೆರಿಗೆಗೆ ತಡವಾದರೂ "ಸೇತುವೆ ಎದ್ದಿತ್ತು" ಅಂದರೆ ಮುಗಿಯಿತು, ಮರುಪ್ರಶ್ನೆ ಇಲ್ಲ. ರೈನೊ ಬರೆಯುತ್ತಿರುವಾಗ ಫೋನಿನ ಆಚೆ ಅವನ ಅಕ್ಕ ಚಡಪಡಿಸಿದರೆ ನಾನು ಹೇಳುವುದೂ ಅದನ್ನೇ. "ಸೇತುವೆ ಎದ್ದಿದೆ ಕಣೆ, ಸ್ವಲ್ಪ ಇರು."

ಅವನು ಗ್ರಂಥಾಲಯದ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದವನು. ಕಾಯಿಲೆಗೆ ಮುಂಚಿನಿಂದಲೂ ಒಂದು ಗುಂಪಿನಲ್ಲಿದ್ದಾನೆ. ಕಣ್ಣು ಕಾಣದವರು, ಕಿವಿ ಕೇಳದವರು, ಕೈ ನಡುಗುವವರು, ಮರೆವಿನವರು ಎಲ್ಲರಿಗೂ ಬಳಸಲು ಬರುವಂತೆ ವೆಬ್‌ಸೈಟುಗಳು ಹೇಗಿರಬೇಕು ಎಂದು ನಿಯಮ ಬರೆಯುವ ಗುಂಪು ಅದು. ವಾರವಾರ ಫೋನಿನಲ್ಲಿ ಸಭೆ ಸೇರುತ್ತಾರೆ. ಒಂದು ಅಲ್ಪವಿರಾಮಕ್ಕಾಗಿ ತಿಂಗಳುಗಟ್ಟಲೆ ಕಾದಾಡಬಲ್ಲ ಜನ. ನಾನು ಶಾಲಾ ಬಸ್ಸು ಓಡಿಸಿಕೊಂಡಿದ್ದವಳು, ನನ್ನ ಬಸ್ಸಿನ ಮಕ್ಕಳೇ ಇವರಿಗಿಂತ ಬೇಗ ರಾಜಿಯಾಗುತ್ತಿದ್ದರು. ಆದರೂ ಅವರನ್ನು ಕಂಡರೆ ನನಗಿಷ್ಟ. ಈ ಸಲ ಹೊಸ ನಿಯಮಗಳ ಯೋಜನೆ ಹಾಕುವ ಸಭೆ ಎದುರುಬದುರು ಕೂತೇ ನಡೆಯಬೇಕಿತ್ತು, ರೈನೊ ವಿಮಾನ ಹತ್ತುವಂತಿಲ್ಲ. ಹಾಗಾಗಿ ಅಕ್ಟೋಬರಿನ ಚಳಿಯಲ್ಲಿ ಅಷ್ಟೂ ಜನ ಡುಲೂತಿಗೇ ಬಂದರು. ಇವನೊಬ್ಬನಿಗಾಗಿ.

ಯೋಜನೆ ಎಂದರೆ ಇಷ್ಟೇ: ಯಾವ ನಿಯಮ ಮೊದಲ ಕಂತಿಗೆ, ಯಾವುದು ಮುಂದಿನ ಕಂತಿಗೆ. ಮೊದಲ ಕಂತಿಗೆ ಬಿದ್ದದ್ದನ್ನು ಯಾವುದಾದರೂ ಕಂಪನಿ ಈ ಚಳಿಗಾಲದಲ್ಲೇ ಮಾಡಿ ನೋಡುತ್ತದೆ, ಯಾಕೆಂದರೆ ಮಾಡಿ ತೋರಿಸದ ನಿಯಮವನ್ನು ಇವರು ಒಪ್ಪುವುದಿಲ್ಲ. ಮುಂದಿನ ಕಂತು ಶುರುವಾಗಲು ವರ್ಷಗಳು ಬೇಕು. ರೈನೊ ಬಳಿ ಅಷ್ಟು ವರ್ಷಗಳಿಲ್ಲ. ಇದು ಅವನಿಗೂ ಗೊತ್ತು, ನನಗೂ ಗೊತ್ತು, ಡಾಕ್ಟರು ಸುತ್ತಿಬಳಸದೆ ಹೇಳಿದ್ದಾರೆ.

ಅವನು ಕೇಳುತ್ತಿದ್ದದ್ದು ಒಂದೇ ನಿಯಮ: ನಿಧಾನವಾಗಿದ್ದಾನೆಂದು ಯಾವ ಪುಟವೂ ಮನುಷ್ಯನನ್ನು ಹೊರಗೆ ದಬ್ಬಬಾರದು.

ಇದು ಅವನ ತಲೆಗೆ ಹೊಕ್ಕಿದ್ದು ನನ್ನ ಹುಟ್ಟುಹಬ್ಬದಿಂದ. ಕಳೆದ ವರ್ಷ ನಾನು ಅಂಗಡಿಗೆ ಹೋದಾಗಲೆಲ್ಲ ಅವನು ಕದ್ದು ನನಗೊಂದು ಜೊತೆ ಕುರಿತುಪ್ಪಟದ ಕೈಗವಸು ತರಿಸಲು ನೋಡುತ್ತಿದ್ದನಂತೆ. ಹೆಸರು, ಬೀದಿ, ಊರು ಕಣ್ಣಿನಿಂದ ಬರೆದು ಮುಗಿಸುವ ಹೊತ್ತಿಗೆ ಪುಟ "ನಿಮ್ಮ ಸಮಯ ಮುಗಿಯಿತು" ಎಂದು ಎಲ್ಲವನ್ನೂ ಅಳಿಸಿಬಿಡುತ್ತಿತ್ತು. ಇನ್ನೂ ಸಮಯ ಬೇಕಾದರೆ ಒತ್ತಿ ಎಂದು ಒಂದು ಗುಂಡಿ ತೋರಿಸುತ್ತಿತ್ತಂತೆ, ಇವನ ಕಣ್ಣು ಅಲ್ಲಿಗೆ ತೆವಳುವಷ್ಟರಲ್ಲಿ ಗುಂಡಿಯೂ ಮಾಯ. ಕೊನೆಗೆ ಹುಟ್ಟುಹಬ್ಬದ ಹಿಂದಿನ ದಿನ ಯಂತ್ರ ಹೇಳಿತು: "ವರ್ನಾ, ನಿನ್ನ ಉಡುಗೊರೆ ನೀನೇ ತಗೊಂಡ್ಬಿಡು." ತಗೊಂಡೆ. ನಗುತ್ತಲೇ ಹಾಕಿಕೊಂಡೆ. ಅವನು ನಗಲಿಲ್ಲ.

ಸಭೆಯ ಕೊನೆಯ ದಿನ ಬೆಳಿಗ್ಗೆ ಒಡೆಟ್ ಮತ್ತು ಎಮೆಟ್ ನಮ್ಮ ಮನೆಗೆ ಕಾಫಿಗೆ ಬಂದರು. ಒಡೆಟ್ ಮಾಂಟ್ರಿಯಲ್‌ನವಳು, ಗುಂಪಿನ ಅಧ್ಯಕ್ಷೆ, ಹುಟ್ಟಿನಿಂದ ಕಣ್ಣು ಕಾಣದವಳು. ಎಮೆಟ್ ಸಿಯಾಟಲ್‌ನ ಹುಡುಗ, ಸಾವಿರಾರು ಅಂಗಡಿಗಳ ವೆಬ್‌ಸೈಟಿಗೆ ಗಲ್ಲಾಪೆಟ್ಟಿಗೆ, ಅಂದರೆ ವಿಳಾಸ ಬರೆದು ಹಣ ಕಟ್ಟುವ ಪುಟ, ಮಾಡಿಕೊಡುವ ಕಂಪನಿಯಲ್ಲಿ ಎಂಜಿನಿಯರ್. ಇಬ್ಬರೂ ತಡವಾಗಿ ಬಂದರು.

"ಏನಮ್ಮಾ ನಿಮ್ಮೂರು!" ಎಂದಳು ಒಡೆಟ್, ಕೋಟು ಬಿಚ್ಚುತ್ತ. "ಅಷ್ಟು ಹೊತ್ತು ಕಾರು ನಿಂತಿದೆ, ಒಬ್ರಾದ್ರೂ ಹಾರ್ನ್ ಹೊಡೀಬಾರ್ದಾ? ಎಲ್ರೂ ಸತ್ತೋದ್ರೇನೋ ಅಂದ್ಕೊಂಡೆ."

"ಸೇತುವೆ ಎದ್ದಿದ್ರೆ ಹಾಗೇನೆ," ಎಂದೆ. "ಹಾರ್ನ್ ಹೊಡೆದ್ರೆ ಹಡಗು ಓಡುತ್ತಾ?"

ನಾನು ಏಲಕ್ಕಿ ಹಾಕಿ ಬೇಯಿಸಿದ ಪುಲ್ಲಾ ಬ್ರೆಡ್ಡನ್ನು ಎಮೆಟ್ ಒಬ್ಬನೇ ಅರ್ಧ ಖಾಲಿ ಮಾಡಿದ. ಒಳ್ಳೆಯ ಹುಡುಗ. ಹೋಗುವಾಗ ರೈನೊನ ಕುರ್ಚಿಯನ್ನು ವ್ಯಾನಿಗೆ ಏರಿಸಿದವನೂ ಅವನೇ. ಅವತ್ತು ಮಧ್ಯಾಹ್ನ ಅವನ ಕತ್ತು ಹಿಸುಕಬೇಕೆನಿಸುತ್ತದೆಂದು ನನಗೇನು ಗೊತ್ತು?

ಸಭೆ ಹೋಟೆಲಿನ ಕೋಣೆಯಲ್ಲಿ. ನಾನು ರೈನೊ ಪಕ್ಕದಲ್ಲಿ ಕೂರಬಹುದು, ಬಾಯಿ ಬಿಡುವಂತಿಲ್ಲ, ಸದಸ್ಯಳಲ್ಲವಲ್ಲ. ಎಮೆಟ್ ಬಣ್ಣಬಣ್ಣದ ಚೀಟಿಗಳನ್ನು ಗೋಡೆಗೆ ಅಂಟಿಸತೊಡಗಿದ. ಒಡೆಟ್ ಕಿವಿ ನಿಮಿರಿಸಿದಳು.

"ಏನೋ ಅದು ಪರಪರ ಸದ್ದು?"

"ಚೀಟಿ ಅಂಟಿಸ್ತಿದೀನಿ. ಹಳದಿ ಮೊದಲ ಕಂತು, ನೀಲಿ ಮುಂದಿನ ಕಂತು."

"ಭೇಷ್! ಕುರುಡಿ ಅಧ್ಯಕ್ಷೆಗೆ ಹಳದಿ, ನೀಲಿ. ನಾವು ಲೋಕಕ್ಕೆ ಬುದ್ಧಿ ಹೇಳೋಕೆ ಹೊರಟಿರೋರು ನೋಡು."

ಕೋಣೆಯೆಲ್ಲ ನಕ್ಕಿತು. ಎಮೆಟ್ ಕಿವಿ ಕೆಂಪಗೆ ಮಾಡಿಕೊಂಡು ಎಲ್ಲವನ್ನೂ ಕಿತ್ತ.

ಅವರ ಪದ್ಧತಿಯಲ್ಲಿ ಕೈ ಎತ್ತುವುದಿಲ್ಲ. ಮಾತಾಡಬೇಕೆನ್ನುವವರು ತಮ್ಮ ಕಂಪ್ಯೂಟರಿನಲ್ಲಿ ಒಂದು ಗುರುತು ಹಾಕಬೇಕು. ಕೊನೆಗೆ ಒಡೆಟ್, "ಯಾರದಾದ್ರೂ ತಕರಾರಿದೆಯಾ?" ಎಂದು ಕೇಳಿ ಸ್ವಲ್ಪ ಕಾಯುತ್ತಾಳೆ. ಮೌನವಿದ್ದರೆ ಒಪ್ಪಿಗೆ. ಹಾಗೆ ಪಟಪಟನೆ ಒಂದೊಂದೇ ನಿಯಮ ಕಂತು ಸೇರುತ್ತ ಬಂದು, ರೈನೊನದರ ಸರದಿ ಬಂತು.

ಎಮೆಟ್ ಹೇಳಿದ, "ರೈನೊ ಕೇಳ್ತಿರೋದು ನ್ಯಾಯವಾದದ್ದೇ. ಆದ್ರೆ ಪುಟ ಎಷ್ಟು ಹೊತ್ತು ಕಾಯ್ಬೇಕು? ಒಂದು ಸಂಖ್ಯೆ ಕೊಡಿ. ಸಂಖ್ಯೆ ಇಲ್ದೆ ಪರೀಕ್ಷೆ ಮಾಡೋಕಾಗಲ್ಲ, ಪರೀಕ್ಷೆ ಮಾಡೋಕಾಗದೆ ಇರೋದು ನಿಯಮ ಆಗಲ್ಲ."

ಒಬ್ಬರು ಒಂದು ಗಂಟೆ ಎಂದರು, ಇನ್ನೊಬ್ಬರು ಒಂದು ದಿನ ಎಂದರು, ಮತ್ತೊಬ್ಬರು ಒಂದು ದಿನ ಯಾಕೆ, ಎರಡು ಯಾಕಲ್ಲ ಎಂದರು. ಜಗಳ ಬೆಳೆಯಿತು. ರೈನೊ ಕಣ್ಣು ಆಗಲೇ ಪರದೆಯ ಮೇಲೆ ಓಡಾಡುತ್ತಿತ್ತು.

ಒಡೆಟ್ ಮೇಜು ಕುಟ್ಟಿದಳು. "ಹೀಗೇ ಹೋದ್ರೆ ಕ್ರಿಸ್‌ಮಸ್‌ಗೂ ಇಲ್ಲೇ ಇರ್ತೀವಿ. ಸಾಯಂಕಾಲ ಎಷ್ಟೋ ಜನಕ್ಕೆ ವಿಮಾನ ಇದೆ. ಇದನ್ನ ಮುಂದಿನ ಕಂತಿಗೆ ಹಾಕೋಣ. ಯಾರದಾದ್ರೂ ತಕರಾರಿದೆಯಾ?"

ಮೌನ.

ನಾನು ಪರದೆ ನೋಡಿದೆ. "ನಾನು ಒಪ್ಪಲ್ಲ. ಮೊದಲ ಕಂ" ಎಂಬಲ್ಲಿಗೆ ಬಂದಿದ್ದ. ಗುರುತು ಹಾಕಬೇಕೆಂದರೆ ಬರೆಯುತ್ತಿದ್ದ ವಾಕ್ಯ ಬಿಟ್ಟು ಬೇರೆ ಕಡೆ ಹೋಗಬೇಕು. ಉಳಿದವರೆಲ್ಲ ತಂತಮ್ಮ ಕಂಪ್ಯೂಟರಿನಲ್ಲಿ ಮುಖ ಹುದುಗಿಸಿದ್ದರು. ಒಡೆಟ್‌ಗೆ ಕಾಣುವುದಿಲ್ಲ. ಅವಳಿಗೆ ಕೇಳಿಸಿದ್ದು ಬರೀ ಮೌನ, ಮತ್ತು ಈ ಕೋಣೆಯಲ್ಲಿ ಮೌನವೆಂದರೆ ಒಪ್ಪಿಗೆ.

"ಅವನು ಒಪ್ಪಲ್ವಂತೆ" ಎಂದು ನಾನು ಒಂದು ಮಾತು ಕೂಗಿದರೆ ಸಾಕು. ಅದು ಸುಳ್ಳೂ ಅಲ್ಲ, ಕಣ್ಣೆದುರಿಗೇ ಇದೆ. ಆದರೆ ಅವನ ಮಾತು ನನ್ನ ಬಾಯಲ್ಲಿ ಬಂದರೆ, "ನಾನ್ಯಾಕಿರ್ಲಿ?" ಎಂದು ಅವತ್ತು ಅವನು ಕೇಳಿದ ಪ್ರಶ್ನೆಗೆ ನಾನೇನು ಉತ್ತರ ಕೊಡಲಿ?

"ಯಾರೂ ಇಲ್ಲ," ಎಂದಳು ಒಡೆಟ್. "ಹಾಗಾದ್ರೆ..."

"ಸೇತುವೆ ಎದ್ದಿದೆ!" ಎಂದೆ.

ಬಸ್ಸು ಓಡಿಸುವವಳ ಗಂಟಲು ನನ್ನದು, ಮೂಲೆಯಲ್ಲಿದ್ದವನು ಕಾಫಿ ಚೆಲ್ಲಿಕೊಂಡ. ಎಲ್ಲರೂ ತಲೆಯೆತ್ತಿದರು. ಒಡೆಟ್ ರೈನೊ ಕಡೆಗೆ ತಿರುಗಿದಳು, ಮುಖದ ಬಣ್ಣ ಇಳಿಯಿತು. ಕೈಯಲ್ಲಿದ್ದುದನ್ನು ಕೆಳಗಿಟ್ಟು ಕುರ್ಚಿಗೆ ಒರಗಿದಳು.

ಕೋಣೆ ಕಾಯತೊಡಗಿತು.

ಆಗ ರೈನೊ ಏನು ಮಾಡಿದ ಗೊತ್ತೆ? ಬರೆದದ್ದನ್ನೆಲ್ಲ ಅಳಿಸಿದ. ಅಕ್ಷರಗಳು ಹಿಂದಿನಿಂದ ಒಂದೊಂದಾಗಿ ಮಾಯವಾಗಿ ಪರದೆ ಖಾಲಿಯಾಯಿತು. ಕೈಬಿಟ್ಟ, ಸೋತುಹೋದ ಅಂದುಕೊಂಡೆ, ಕಣ್ಣಲ್ಲಿ ನೀರು ಬಂತು. ನಾಲಗೆ ಕಚ್ಚಿಕೊಂಡು ಕೂತೆ. ಅವನ ಕಣ್ಣು ಮತ್ತೆ ಮೊದಲ ಅಕ್ಷರಕ್ಕೆ ಹೋಯಿತು. ನಾನು ಬೇಕೆಂದೇ ಮುಖ ತಿರುಗಿಸಿ ಕಿಟಕಿಯಾಚೆ ಸರೋವರ ನೋಡಿದೆ. ಎಮೆಟ್‌ನ ಫೋನು ಗುರುಗುಟ್ಟಿತು, ಟ್ಯಾಕ್ಸಿಯವನಿರಬೇಕು. ಅವನು ಅದನ್ನು ಬೋರಲು ಹಾಕಿದ. ಹೀಟರು ಉಸಿರಾಡುತ್ತಿತ್ತು. ಯಾರೂ ಮಿಸುಕಲಿಲ್ಲ.

ಕೊನೆಗೆ ಬ್ಯಾಂಕ್ ಮ್ಯಾನೇಜರನ ದನಿ ಬಂತು. "ಎಮೆಟ್. ಈಗ ಎಷ್ಟು ಹೊತ್ತು ಕಾದೆ?"

ಎಮೆಟ್ ಗೋಡೆ ನೋಡಿದ, ಮಣಿಕಟ್ಟು ನೋಡಿದ. "ಗೊತ್ತಿಲ್ಲ ರೈನೊ. ನೋಡ್ಕೊಳ್ಳಿಲ್ಲ."

ಮತ್ತೆ ಕಾದೆವು.

"ಅದನ್ನೇ ಬರ್ಕೋ."

ಎಮೆಟ್ ಎದ್ದುನಿಂತ. "ಸಂಖ್ಯೆನೇ ಬೇಡ! ಪುಟದಲ್ಲಿ ಹೊತ್ತು ಎಣಿಸೋ ಗಡಿಯಾರ ಇದ್ಯಾ ಇಲ್ವಾ, ಅಷ್ಟು ನೋಡಿದ್ರೆ ಸಾಕು. ಇದ್ರೆ ಫೇಲು. ಹರಾಜು, ಶಾಲೆ ಪರೀಕ್ಷೆ ಥರ ಹೊತ್ತು ಗೊತ್ತು ಮಾಡ್ಲೇಬೇಕಾದ್ದನ್ನ ಬಿಡೋಣ. ಇದನ್ನ ಯಾರು ಬೇಕಾದ್ರೂ ಪರೀಕ್ಷೆ ಮಾಡಬಹುದು. ನಾನೇ ಮಾಡಿ ತೋರಿಸ್ತೀನಿ."

"ಮೊದಲ ಕಂತಿಗೆ," ಎಂದಳು ಒಡೆಟ್. "ಯಾರದಾದ್ರೂ ತಕರಾರಿದೆಯಾ?" ಈ ಸಲ ಅವಳು ಒಬ್ಬೊಬ್ಬರ ಹೆಸರು ಹಿಡಿದು ಕೇಳಿ, ಉತ್ತರ ಬರುವ ತನಕ ಕಾದಳು. ವಿಮಾನಗಳು ಯಾರದು ಸಿಕ್ಕಿತೋ ಯಾರದು ತಪ್ಪಿತೋ ನನಗೆ ತಿಳಿಯದು.

ಎಲ್ಲ ಮುಗಿದ ಮೇಲೆ ಅವಳು ಕೋಲು ಊರಿಕೊಂಡು ನಮ್ಮ ಬಳಿ ಬಂದಳು. ರೈನೊ ಕೈಯನ್ನು ಹುಡುಕಿ ಹಿಡಿದುಕೊಂಡಳು. "ಮಾರಾಯಾ, ನಿನ್ನ ಯಂತ್ರ ಪ್ರತಿ ಅಕ್ಷರಕ್ಕೂ ಟಿಕ್ ಅನ್ನೋ ಹಾಗೆ ಇಡೋಕಾಗುತ್ತಾ? ನೀನು ಬರೀತಿದೀಯ ಅಂತ ನಂಗೆ ಕೇಳ್ಬೇಕು."

ಅಂದಿನಿಂದ ನಮ್ಮ ಮನೆಯಲ್ಲಿ ಟಿಕ್ ಟಿಕ್ ಶುರುವಾಯಿತು. ಅಡುಗೆಮನೆಯಲ್ಲಿದ್ದರೂ ನನಗೆ ಕೇಳುತ್ತದೆ. ಮೊದಲು ಕಿರಿಕಿರಿ ಎಂದುಕೊಂಡೆ, ಈಗ ಅದು ನಿಂತರೆ ಭಯವಾಗುತ್ತದೆ. ಚಳಿಗಾಲದ ಕೊನೆಗೆ ಸರೋವರವಿನ್ನೂ ಹೆಪ್ಪುಗಟ್ಟಿರುವಾಗ, ಒಂದು ಮಧ್ಯಾಹ್ನ ಟಿಕ್ ಟಿಕ್ ನಡೆದೇ ಇತ್ತು. ನಾನು ಹಿಟ್ಟು ನಾದಿ, ಉಬ್ಬಲು ಬಿಟ್ಟು, ಹೆಣೆದು, ಬೇಯಿಸಿ ತೆಗೆದರೂ ನಿಲ್ಲಲಿಲ್ಲ. ಮಾತೂ ಬರಲಿಲ್ಲ. "ಏನಪ್ಪಾ, ಆತ್ಮಕತೆ ಬರೀತಿದೀಯಾ?" ಎಂದು ಕೂಗಿದೆ. ಉತ್ತರವಿಲ್ಲ. ಹೋಗಿ ಇಣುಕಬೇಕೆನಿಸಿತು, ಇಣುಕಲಿಲ್ಲ.

ನನ್ನ ಹುಟ್ಟುಹಬ್ಬದ ದಿನ ಅಂಚೆಯವಳು ಒಂದು ಪೆಟ್ಟಿಗೆ ತಂದಳು. ವಿಳಾಸದ ಕೆಳಗೆ "ಸೇತುವೆ ಎದ್ದಿದ್ದರೆ ದಯವಿಟ್ಟು ಕಾಯಿರಿ" ಎಂದು ಅಚ್ಚಾಗಿತ್ತು. ಬಿಚ್ಚಿ ನೋಡಿದರೆ ಕುರಿತುಪ್ಪಟದ ಕೈಗವಸು. ಅದೇ ಅಂಗಡಿ, ಅದೇ ಬಣ್ಣ, ಅದೇ ಅಳತೆ. ಆ ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ಗಡಿಯಾರ ತೆಗೆದಿದ್ದೇನೆಂದು ಎಮೆಟ್ ಅವನಿಗೆ ಬರೆದಿದ್ದನಂತೆ, ನನಗೆ ಹೇಳದೆ.

"ಅಲ್ವೋ ಮರೆಗುಳಿ," ಎಂದೆ, "ಇದೇ ಜೊತೆ ನನ್ನ ಹತ್ರ ಇದೆಯಲ್ಲೋ. ಹೋದ ವರ್ಷದ್ದು."

ಟಿಕ್, ಟಿಕ್. ಅವನು ಏನು ಹೇಳುತ್ತಾನೆಂದು ನನಗೆ ಚೆನ್ನಾಗಿ ಗೊತ್ತಿತ್ತು: ಮರೆತುಹೋಯ್ತು, ವಾಪಸ್ ಕಳಿಸು ಅನ್ನುತ್ತಾನೆ. ಪೆಟ್ಟಿಗೆ ಮಡಿಲಲ್ಲಿಟ್ಟುಕೊಂಡು ಕಾದೆ.

"ಅದು ನೀನು ತಗೊಂಡಿದ್ದು," ಎಂದಿತು ಯಂತ್ರ. "ಇದು ನಾನು."

ಹಳೆಯ ಜೊತೆಯನ್ನು ಅವತ್ತೇ ಅಂಚೆಯವಳಿಗೆ ಹಾಕಿಕೊಳ್ಳಲು ಕೊಟ್ಟುಬಿಟ್ಟೆ.