ಐದರೊಳಗೆ ಒಪ್ಪಿಗೆ

ಪೋರ್ಚುಗೀಜರು ಇಲ್ಲಿಗೇ ಯಾಕೆ ಬಂದರು ಎನ್ನುವುದನ್ನು ಮಾಲಿಂಗ ಮೂರನೆಯ ಸಲ ಹೇಳತೊಡಗಿದ್ದ. ಕೇಳುವವರು ಯಾರೂ ಇರಲಿಲ್ಲ. ಹೆಂಡತಿ ಭಾಗ್ಯಾ ಕಣ್ಣೂರು ಕೋಟೆಯ ಕಮಾನಿನ ಕೆಳಗೆ ನಿಂತು ಮೊಬೈಲಿನ ಮೇಲೆ ಬಿದ್ದ ಮಳೆಹನಿಯನ್ನು ವೇಲಿನ ತುದಿಯಿಂದ ಒರೆಸುತ್ತಿದ್ದಳು.

"ಹುಕ್ಕೇರಿ ಶಾಲ್ಯಾಗಿನ ಜಾಗಾ ಇನ್ನೂ ಖಾಲಿ ಐತ್ರಿ," ಎಂದಳು.

"ಹೌದಾ."

"ಸಂಜಿ ಐದರೊಳಗ ಒಪ್ಪಿಗಿ ಕೊಡಬೇಕು."

"ಈಗ ಹನ್ನೊಂದು. ಟೈಮ್ ಐತಿ ಬಿಡು," ಎಂದು ಅವನು ಸಮುದ್ರದ ಕಡೆ ತಿರುಗಿದ. ಹುಕ್ಕೇರಿಯ ಕಾಲೇಜಿನಲ್ಲಿ ಹನ್ನೊಂದು ವರ್ಷ ಈ ಸಮುದ್ರದ ಪಾಠ ಮಾಡಿದ್ದ. ಕಣ್ಣಾರೆ ನೋಡಿದ್ದು ಈ ವಾರವೇ. ಅವನ ನೋಟ್ಸಿನಲ್ಲಿ ಇಷ್ಟು ಮಳೆ ಇರಲಿಲ್ಲ.

ವಿಷಯ ಇಷ್ಟೇ. ಅವನ ನೌಕರಿ ಹುಕ್ಕೇರಿಯಲ್ಲಿ, ಅವಳ ಶಾಲೆ ಮೂಡಲಗಿಯಲ್ಲಿ. ಮದುವೆಯಾದ ಹೊಸದರಲ್ಲಿ ಇಬ್ಬರಿಗೂ ನಡುವಾಗುತ್ತದೆಂದು ಗೋಕಾಕದಲ್ಲಿ ಬಾಡಿಗೆ ಮನೆ ಹಿಡಿದರು. ದಿನಾ ಓಡಾಡಿದರಾಯಿತು, ಮಂದಿ ಓಡಾಡುವುದಿಲ್ಲವೇ, ಬಸ್ಸುಗಳು ತುಂಬಿ ತುಳುಕುತ್ತವೆ. ಮೊದಲು ಅವನು ಪರೀಕ್ಷೆಯ ನೆವ ಹೇಳಿ ಹುಕ್ಕೇರಿಯಲ್ಲಿ ಒಂದು ಕೋಣೆ ಮಾಡಿದ. ಆಮೇಲೆ ಅವಳು ಮೂಡಲಗಿಯಲ್ಲಿ ಗೆಳತಿಯ ಜೊತೆ ಉಳಿದಳು. ಹೀಗೇ ಆರು ವರ್ಷ. ಗೋಕಾಕದ ಮನೆಯ ಬೀಗ ಶನಿವಾರ ತೆಗೆಯುತ್ತದೆ, ಸೋಮವಾರ ಬೆಳಿಗ್ಗೆ ಬೀಳುತ್ತದೆ. ನಡುವೆ ಬಟ್ಟೆ ಒಗೆತ, ಕಾಯಿಪಲ್ಯ, ನಿದ್ದೆ. ವರ್ಗಾವಣೆ ಆಗಲಿ, ಎಲ್ಲಾ ಸರಿಹೋಗುತ್ತದೆ ಎಂದು ಬಂದಬಂದವರಿಗೆಲ್ಲ ಹೇಳಿದ್ದರು. ಒಬ್ಬರಿಗೊಬ್ಬರು ಹೇಳಿಕೊಂಡದ್ದೇ ಹೆಚ್ಚು.

ಈಗ ಅದೇ ವರ್ಗಾವಣೆ ಬಂದು ಬಾಗಿಲಲ್ಲಿ ನಿಂತಿತ್ತು. ಗಂಡ ಹೆಂಡತಿ ಒಂದೇ ಊರಲ್ಲಿರಲಿ ಎಂದು ಕೊಡುವ ಅವಕಾಶ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿಯೇ ಹಿಡಿ ಅನ್ನುತ್ತಿದ್ದರೆ ಭಕ್ತರು ಹಿಂದೆಮುಂದೆ ನೋಡುತ್ತಿದ್ದರು.

ಪ್ರವಾಸ ಅವನದೇ ಯೋಚನೆ. ದಸರಾ ರಜೆ, ಬೆನ್ನಿಗೊಂದು ಚೀಲ, ಸಿಕ್ಕ ಬಸ್ಸು. ಬೇಕಲ ಆಯಿತು, ಇವತ್ತು ಕಣ್ಣೂರು, ರಾತ್ರಿಯೊಳಗೆ ತಲಶ್ಶೇರಿ, ಆಮೇಲೆ ಕಲ್ಲಿಕೋಟೆ. ಹತ್ತು ದಿನ ಒಟ್ಟಿಗಿದ್ದರೆ ರೂಢಿಯಾದೀತು ಎಂದುಕೊಂಡಿದ್ದ. ನಾಲ್ಕನೆಯ ದಿನಕ್ಕೆ ರೂಢಿಯಾದದ್ದು ಒದ್ದೆ ಸಾಕ್ಸು ಮಾತ್ರ.

ಚಹಾ ಅಂಗಡಿಯಲ್ಲಿ ನಿಂತಾಗ ಮಮದಾಪುರದಿಂದ ಅವ್ವ ಮಾಯವ್ವನ ಫೋನು ಬಂತು.

"ಭಾಗ್ಯಾ ಹುಕ್ಕೇರಿಗಿ ಬರ್ತಾಳಂತ, ಖರೇನ? ಒಂದ ಕಡೆ ಇರ್ರೆಪಾ ಇನ್ನರೆ. ಕುರಿ ಸುದ್ದಾ ಹಿಂಡ ಬಿಟ್ಟ ಮಲಗೂದಿಲ್ಲ."

"ಆಗ್ತೈತಿ ಬಿಡಬೇ," ಎಂದು ಇಟ್ಟುಬಿಟ್ಟ.

"ಅತ್ತಿಯಾರು ಏನಂದ್ರು?" ಭಾಗ್ಯಾ ಕೇಳಿದಳು.

"ಮಳಿ ಹತ್ತೈತೇನು ಅಂದ್ಲು."

ಅವಳು ಚಹಾ ಕುಡಿದಳು. ಅವನಿಗೆ ಭಯವಾಗುತ್ತಿತ್ತು. ಹೆಂಡತಿ ಕೆಟ್ಟವಳಲ್ಲ, ತಾನೂ ಅಲ್ಲ. ಶನಿವಾರ, ಭಾನುವಾರಕ್ಕೆ ಮಾತು ಹೇಗೋ ಸಾಕಾಗುತ್ತಿತ್ತು. ಆದರೆ ಬುಧವಾರ? ಬುಧವಾರ ಸಂಜೆ ಎದುರಾಬದುರು ಕೂತು ಏನು ಮಾತಾಡುವುದು? ಆಮೇಲೆ ಗುರುವಾರವೂ ಬರುತ್ತದೆ.

ನಾಲ್ಕೂವರೆಗೆ ಬಸ್ ಸ್ಟ್ಯಾಂಡಿನ ಬಾಜೂ ಇದ್ದ ಹೋಟೆಲಿನಲ್ಲಿ ಕೂತರು. ಭಾಗ್ಯಾ ಮೊಬೈಲು ತೆಗೆದಳು.

"ಹಾಕ್ಲೇನ್ರಿ?"

"ನಿನ್ನ ಮನಸ್ಸಿಗಿ ಬಂದಂಗ ಮಾಡು." ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

"ನಾ ನಿಮ್ಮ ಮನಸ್ಸ ಕೇಳಾಕತ್ತೇನಿ."

"ಬ್ಯಾಡ ಅಂದೇನೇನು ನಾ?"

"ಹೂಂ ಅಂತನೂ ಅಂದಿಲ್ಲ."

ಅವಳು ಒತ್ತಿದಳು. "ಓಟಿಪಿ ನಿಮಗ ಬರ್ತೈತಿ ನೋಡ್ರಿ."

ನೌಕರಿಗೆ ಸೇರಿದಾಗ ಅವಳು ಕಾಗದಪತ್ರಗಳಲ್ಲೆಲ್ಲ ಗಂಡನ ನಂಬರನ್ನೇ ಬರೆದಿದ್ದಳು. ಆಗ ಮದುವೆಯಾಗಿ ತಿಂಗಳೂ ಆಗಿರಲಿಲ್ಲ.

ಅಂಗಿಯ ಕಿಸೆಯಲ್ಲಿ ಫೋನು ನಡುಗಿತು. ಅವನು ಅರ್ಧ ಎತ್ತಿ ಅಂಗೈ ಮರೆಯಲ್ಲಿ ನೋಡಿದ. ಆರು ಅಂಕಿಗಳು. ಅವನ್ನು ಓದಿ ಹೇಳಿದರೆ ಮುಗಿಯಿತು, ಬದುಕು ಒಂದೇ ಮನೆಗೆ ಬರುತ್ತದೆ.

"ಬಂದಿಲ್ಲ," ಎಂದ.

"ಮತ್ತೊಮ್ಮೆ ಕಳಸಂತ ಹಾಕ್ತೇನಿ."

ಮತ್ತೊಮ್ಮೆ ನಡುಗಿತು. "ಮಳಿಗಿ ನೆಟ್‌ವರ್ಕ್ ಹೋಗಿರಬೇಕು," ಎಂದ. ಇಷ್ಟು ದೊಡ್ಡ ಸುಳ್ಳು ಇಷ್ಟು ಸಲೀಸಾಗಿ ಬಾಯಿಗೆ ಬಂದದ್ದಕ್ಕೆ ನಾಚಿಕೆಯಾಯಿತು. ಅವಳು ಕೈಚಾಚಿ ಫೋನು ಕೇಳುತ್ತಾಳೆಂದು ಕಾದ. ಕೇಳಿದ್ದರೆ ಕೊಟ್ಟುಬಿಡುತ್ತಿದ್ದ, ದೇವರಾಣೆ. ಅವಳ ಎರಡೂ ಕೈ ಮೇಜಿನ ಮೇಲೆ ಇದ್ದಲ್ಲೇ ಇದ್ದವು. ಇಬ್ಬರೂ ಗೋಡೆಯ ಗಡಿಯಾರ ನೋಡುತ್ತ ಕೂತರು.

"ಐದಾತು," ಎಂದಳು ಭಾಗ್ಯಾ. ಆಮೇಲೆ, "ಹಸಿವಾಗೈತ್ರಿ. ಮೀನ ತಿನ್ನೂಣೇನು?"

ತಿಂದರು. ನಾಲ್ಕು ದಿನದಲ್ಲಿ ಆಡದ ಮಾತು ಒಮ್ಮೆಲೇ ಬಂತು. ಹೆಡ್ ಮಾಸ್ತರರು ಪ್ರಾರ್ಥನೆಯ ಹೊತ್ತಿಗೆ ತೂಕಡಿಸುವುದನ್ನು ಅವಳು ಮಾಡಿ ತೋರಿಸಿದಳು. "ಪೋರ್ಚುಗೀಜರಾದ್ರೂ ಮೆಣಸಿಗಿ ಬಂದಿದ್ರು. ನಾವ್ಯಾಕ ಬಂದೇವ್ರಿ ಇಲ್ಲಿ?" ಎಂದಾಗ ಅವನಿಗೆ ನಗು ತಡೆಯಲಾಗದೆ ನೆತ್ತಿ ಹತ್ತಿತು. ಅವಳು ನೀರು ಮುಂದೆ ಸರಿಸಿದಳು. ಹೆಂಡತಿ ಇಷ್ಟು ಚೆಂದ ನಗುತ್ತಾಳೆಂದು ಅವನಿಗೆ ಮರೆತೇ ಹೋಗಿತ್ತು.

ಕೈ ತೊಳೆಯುವಲ್ಲಿ, ನಲ್ಲಿ ತಿರುಗಿಸುತ್ತ, ಅವಳು ಹೇಳಿದಳು:

"ಕಿಸೇದಾಗ ಎರಡ ಸರ್ತಿ ಬೆಳಕ ಹತ್ತಿತ್ತಲ್ರಿ."

ಅವನ ಕೈಯ ಸಾಬೂನು ಜಾರಿತು. "ಮತ್ತ ಯಾಕ ಸುಮ್ನಿದ್ದಿ?"

"ನೀವ್ಯಾಕ ಸುಮ್ನಿದ್ರಿ?"

ಹಿಂದೆ ಯಾರೋ ಕೈ ತೊಳೆಯಲು ಕಾಯುತ್ತಿದ್ದರು. ಇಬ್ಬರೂ ಸರಿದು ಜಾಗ ಬಿಟ್ಟರು.

ತಲಶ್ಶೇರಿಯ ಕಡೆಯ ಬಸ್ಸು ಹೊರಡುವುದರಲ್ಲಿತ್ತು. ಅದರಲ್ಲಿ ಹೆಂಗಸರೆಲ್ಲ ಮುಂದೆ, ಗಂಡಸರು ಹಿಂದೆ. ಅವಳು ಮುಂದಿನ ಬಾಗಿಲಿಗೆ ಹತ್ತಿದಳು, ಅವನು ಹಿಂದಿನದಕ್ಕೆ. ಮಳೆ ಜೋರಾದ್ದರಿಂದ ಕಿಟಕಿಯ ಪರದೆಗಳನ್ನೆಲ್ಲ ಇಳಿಸಿಬಿಟ್ಟಿದ್ದರು; ಒಳಗೆ ಕತ್ತಲು, ಯಾವ ಊರು ಬಂತು ಹೋಯಿತು ತಿಳಿಯುವಂತಿರಲಿಲ್ಲ.

ಕಂಡಕ್ಟರ್ ಬಂದು ಮಲಯಾಳದಲ್ಲಿ ಎಷ್ಟು ಎಂದು ಕೇಳಿದ. ಮಾಲಿಂಗ ಒಂದು ಬೆರಳು ಎತ್ತಿದ.

ಚೀಟಿ ಕೈಗೆ ಬಂದ ಮೇಲೆ ಅವನಿಗೆ ಹೊಳೆಯಿತು. ಎರಡು ಎಂದು ಕೂಗಲು ಬಾಯಿ ತೆರೆದ. ಕಂಡಕ್ಟರ್ ಆಗಲೇ ಮುಂದೆ ಹೋಗಿದ್ದ. ಸಾಲುಸಾಲು ತಲೆಗಳಾಚೆ ಭಾಗ್ಯಾಳ ಕೈ ಮೇಲೆದ್ದಿತ್ತು; ಅದರಲ್ಲೊಂದು ನೋಟು, ಒಂದು ಬೆರಳು. ಕಂಡಕ್ಟರ್ ಬಗ್ಗಿ ಊರು ಕೇಳಿದ. ಅವಳು ಹೇಳಿದಳು. ಯಾವ ಊರು ಹೇಳಿದಳೋ, ಮಳೆಯ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ.